1.9 ಮತ್ತು 1.10: ಪ್ಯಾಕೇಜ್ ನಿರ್ವಹಣೆಯಲ್ಲಿ ಆವೃತ್ತಿ ಸಂಖ್ಯೆಗಳ ಚರಿತ್ರೆ

1.9 ದೊಡ್ಡದೋ, 1.10 ದೊಡ್ಡದೋ? ಶಾಲೆಯ ಗಣಿತ 1.9 ಎನ್ನುತ್ತದೆ. ಲಿನಕ್ಸ್‌ನ ಪ್ಯಾಕೇಜ್ ಮ್ಯಾನೇಜರ್ 1.10 ಎನ್ನುತ್ತದೆ. ಪರ್ಲ್ ಭಾಷೆಯ ಮಾಡ್ಯೂಲ್‌ಗಳ ಲೆಕ್ಕದಲ್ಲಿ ಮತ್ತೆ 1.9. ಇಂಥ ಗೊಂದಲಗಳಿಗೆ ತಂತ್ರಾಂಶ ಬರೆಯುವವರ ಅಶಿಸ್ತೇ ಕಾರಣ ಎಂದು ದೂರುವುದು ರೂಢಿ. ನನಗೆ ಆ ವಿವರಣೆ ಸಾಲದು. ಒಂದೇ ಸಂಖ್ಯೆಯನ್ನು ಹೆಸರಾಗಿಯೂ ಸರದಿಯಾಗಿಯೂ ದುಡಿಸಿಕೊಂಡದ್ದು ಮೂಲ ತೊಡಕು. ಹೆಸರನ್ನು ಬರೆದವರು ಯಾವಾಗ ಬೇಕಾದರೂ ಬದಲಿಸಬಹುದು. ಸರದಿಯನ್ನು ನಂಬಿ ಕೂತ ಯಂತ್ರಕ್ಕೆ ಮೇಲೇರುವುದಷ್ಟೇ ಗೊತ್ತು.

1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರೋಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್, ಕಡತದ ಪ್ರತಿ ತಿದ್ದುಪಡಿಗೂ 1.1, 1.2 ಎಂದು ಗುರುತು ಹಾಕುತ್ತಿತ್ತು. ಚುಕ್ಕಿಯ ಎಡಕ್ಕೆ ಬಿಡುಗಡೆ, ಬಲಕ್ಕೆ ಹಂತ, ಎರಡೂ ಪೂರ್ಣಾಂಕಗಳೇ. 1980ರ ದಶಕದಲ್ಲಿ ವಾಲ್ಟರ್ ಟಿಕಿ ಅವರ ಆರ್‌ಸಿಎಸ್ ಇದೇ ಜಾಡಿನಲ್ಲಿ ನಡೆಯಿತು. ಅಲ್ಲಿ 1.9ರ ಮುಂದಿನದು 1.10. ಪರ್ಲ್ ಮಾತ್ರ ಚುಕ್ಕಿಯನ್ನು ದಶಮಾಂಶ ಎಂದೇ ಓದಿತು. ಅದರ 5.005ರ ನಂತರ 2000ದಲ್ಲಿ ಬಂದದ್ದು 5.6.0. ಹಳೆಯ ಲೆಕ್ಕದಲ್ಲಿ ಇದು 5.006. ಡೊನಾಲ್ಡ್ ನುತ್ ಅವರ ಅಕ್ಷರಜೋಡಣೆ ತಂತ್ರಾಂಶ ಟೆಕ್ ಇನ್ನೂ ಬೇರೆ ಜಾತಿ: ಪ್ರತಿ ಬಿಡುಗಡೆಗೂ ಪೈ ಬೆಲೆಯ ಒಂದೊಂದು ಅಂಕಿ ಸೇರುತ್ತ 2021ಕ್ಕೆ 3.141592653 ಆಯಿತು. ತಮಾಷೆಯೆಂದರೆ, ದಶಮಾಂಶವಾಗಿ ಓದಿದರೂ ಪೂರ್ಣಾಂಕಗಳ ಜೋಡಿಯಾಗಿ ಓದಿದರೂ ಇದರ ಸರದಿ ಕೆಡುವುದಿಲ್ಲ.

ತಂತ್ರಾಂಶದ ಜೊತೆ ಅದನ್ನು ಹಂಚುವ ವ್ಯವಸ್ಥೆಗಳೂ ಬೆಳೆದ ಮೇಲೆ ಈ ವೈವಿಧ್ಯ ತಲೆನೋವಾಯಿತು. 1993ರಲ್ಲಿ ಶುರುವಾದ ಲಿನಕ್ಸ್ ವಿತರಣೆ ಡೆಬಿಯನ್ ತಾನೇ ಆವೃತ್ತಿ ಸಂಖ್ಯೆಯ ತೊಡಕಿನ ರುಚಿ ಕಂಡಿದೆ. 1995ರ ಕೊನೆಯಲ್ಲಿ ಸಿ.ಡಿ. ಮಾರುವ ಸಂಸ್ಥೆಯೊಂದು ಇನ್ನೂ ಸಿದ್ಧವಾಗದ ಪ್ರತಿಯನ್ನೇ ಡೆಬಿಯನ್ 1.0 ಎಂದು ಹಂಚಿಬಿಟ್ಟಿತು. ಸಿದ್ಧವಾದ ನಿಜವಾದ ಆವೃತ್ತಿ 1996ರಲ್ಲಿ 1.1 ಆಗಿ ಹೊರಬಂತು, ಅಧಿಕೃತ 1.0 ಬರಲೇ ಇಲ್ಲ.

ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಡಿಪಿಕೆಜಿ, ಆವೃತ್ತಿಯನ್ನು ಅಂಕಿಗಳ ತುಂಡು, ಅಂಕಿಯಲ್ಲದ ತುಂಡು ಎಂದು ಕತ್ತರಿಸಿ ಎಡದಿಂದ ಒಂದೊಂದಾಗಿ ಹೋಲಿಸುತ್ತದೆ. ಅಂಕಿಗಳ ತುಂಡು ಅದಕ್ಕೆ ಪೂರ್ಣಾಂಕ. ಪರ್ಲ್ ಮಾಡ್ಯೂಲ್ ಒಂದು 0.55ರಿಂದ 0.6ಕ್ಕೆ ಬಂತೆನ್ನೋಣ. ಬರೆದವರ ಮಟ್ಟಿಗೆ ಇದು ಮುಂದಿನ ಹೆಜ್ಜೆ. ಡಿಪಿಕೆಜಿ 55ನ್ನೂ 6ನ್ನೂ ಪಕ್ಕಪಕ್ಕ ಇಟ್ಟು ಹೊಸದನ್ನೇ ಹಳೆಯದೆಂದು ತೀರ್ಮಾನಿಸುತ್ತದೆ. ಹಾಗಾಗಿ ಪ್ಯಾಕೇಜ್ ಕಟ್ಟುವವರು ಕೊನೆಗೊಂದು ಸೊನ್ನೆ ಸೇರಿಸಿ 0.60 ಎಂದು ಬರೆಯಬೇಕು.

ಸೊನ್ನೆಯಿಂದ ಸರಿಹೋಗದ ಸಂದರ್ಭಗಳೂ ಇವೆ. 2003 ಎಂದು ಇಸವಿಯನ್ನೇ ಆವೃತ್ತಿಯಾಗಿ ಇಟ್ಟುಕೊಂಡವರು ಮನಸ್ಸು ಬದಲಿಸಿ 1.0ಕ್ಕೆ ಬಂದರೆ ಯಂತ್ರಕ್ಕೆ ಅದು ಇಳಿತ. ಇದಕ್ಕೆಂದೇ ಎಪಾಕ್ ಬಂತು: ಮುಂದೆ 1 ಬರೆದು ಕೋಲನ್ ಹಾಕಿದರೆ ಹಿಂದಿನ ಸರದಿಯೆಲ್ಲ ಅದರ ಕೆಳಗೆ. ಇನ್ನೊಂದು ಪ್ಯಾಕೇಜ್ ಮ್ಯಾನೇಜರ್ ಆರ್‌ಪಿಎಂನಲ್ಲೂ ಇದೇ ಉಪಾಯವಿದೆ. ಮೊದಲು ಅದಕ್ಕೆ ಸೀರಿಯಲ್ ಎಂಬ ಹೆಸರಿತ್ತು. ಒಮ್ಮೆ ಅಂಟಿದ ಎಪಾಕ್ ತೆಗೆಯಲು ಬರುವುದಿಲ್ಲ, ತೆಗೆದರೆ ಮತ್ತೆ ಇಳಿತ. ಡೆಬಿಯನ್‌ನ ವಿಮ್ ಮತ್ತು ಸಾಂಬಾ ಇಂದಿಗೂ 2 ಮತ್ತು ಕೋಲನ್ ಹೊತ್ತೇ ಓಡಾಡುತ್ತಿವೆ. ಸಾಲದ್ದಕ್ಕೆ ಪ್ಯಾಕೇಜಿನ ಕಡತದ ಹೆಸರಿನಲ್ಲಿ ಎಪಾಕ್ ಕಾಣಿಸುವುದಿಲ್ಲ. ಹೆಸರು ನೋಡಿ ಸರದಿ ಊಹಿಸಿದವರು ಎಡವುತ್ತಾರೆ.

ಇನ್ನು ಪೂರ್ವಬಿಡುಗಡೆಗಳು. 1.0ಕ್ಕೆ ಮುನ್ನ ಬರುವ 1.0ಆರ್‌ಸಿ1 ಉದ್ದವಾಗಿರುವುದರಿಂದ ಯಂತ್ರಕ್ಕೆ ಅದೇ ಹೊಸದು. ಡೆಬಿಯನ್ ಇದಕ್ಕೆ ~ ಚಿಹ್ನೆಯನ್ನು ಹುಡುಕಿಕೊಂಡಿತು: ಆ ಚಿಹ್ನೆಗೆ ಖಾಲಿ ಜಾಗಕ್ಕಿಂತಲೂ ಕೆಳಗಿನ ಸ್ಥಾನ. ಹೀಗಾಗಿ 1.0~ಆರ್‌ಸಿ1, 1.0ಕ್ಕಿಂತ ಹಿಂದೆ ನಿಲ್ಲುತ್ತದೆ. ಆರ್‌ಪಿಎಂಗೆ ಈ ಸೌಕರ್ಯ 2012ರ 4.10ರಲ್ಲಿ ಸಿಕ್ಕಿತು.

ಗೊಂದಲಕ್ಕೆ ಶಿಸ್ತು ತರಲು ಟಾಮ್ ಪ್ರೆಸ್ಟನ್-ವರ್ನರ್ ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ನಿಯಮಾವಳಿ ಬರೆದರು, ಅದರ 2.0.0 ರೂಪ 2013ರದು. ಪೈಥಾನ್ ಸಮುದಾಯ ಅದೇ ಹೊತ್ತಿನಲ್ಲಿ ಪೆಪ್ 440 ರಚಿಸಿಕೊಂಡಿತು. ಒಂದೊಂದೂ ತನ್ನೊಳಗೆ ಅಚ್ಚುಕಟ್ಟು. ಆದರೆ ಅಡ್ಡಗೆರೆಯೊಂದನ್ನೇ ನೋಡಿ. ಸೆಮ್ಯಾಂಟಿಕ್ ವರ್ಷನಿಂಗ್‌ನಲ್ಲಿ 1.0.0-1 ಎಂದರೆ 1.0.0ಕ್ಕೆ ಮುನ್ನಿನದು. ಪೈಥಾನ್‌ನಲ್ಲಿ ಅದು 1.0.0 ಆದ ಮೇಲಿನದು. ಡೆಬಿಯನ್‌ನಲ್ಲಿ 1.0.0 ತಂತ್ರಾಂಶವನ್ನು ಡೆಬಿಯನ್‌ನವರು ಮೊದಲ ಸಲ ಪ್ಯಾಕೇಜ್ ಕಟ್ಟಿದ್ದಾರೆ ಎಂದಷ್ಟೇ ಅರ್ಥ. ನಿಯಮ ಹೆಚ್ಚಿದಷ್ಟೂ ಭಾಷಾಂತರದ ಹೊರೆ ಪ್ಯಾಕೇಜ್ ಕಟ್ಟುವವರ ತಲೆಗೇ ಬಿತ್ತು.

ಸಂಖ್ಯೆ ಸರಿಯಾಗಿಯೇ ಏರಿದಾಗಲೂ ತೊಂದರೆ ತಪ್ಪಿದ್ದಲ್ಲ. 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ 2.6.39ರ ನಂತರದ ಕರ್ನಲ್‌ಗೆ 3.0 ಎಂದು ಹೆಸರಿಟ್ಟರು. 2.6 ಎಂದೇ ನಿರೀಕ್ಷಿಸಿ ಬರೆದ ಪ್ರೋಗ್ರಾಂಗಳು ತಡವರಿಸಿದವು. ಇನ್ನೊಂದು ಲಿನಕ್ಸ್ ವಿತರಣೆಯಾದ ಫೆಡೋರಾ 15 ಅದೇ ಕರ್ನಲ್ಲನ್ನು 2.6.40 ಎಂಬ ಹೆಸರಿನಲ್ಲಿ ಕೊಟ್ಟಿತು. ಹಳೆಯ ಪ್ರೋಗ್ರಾಂ ಕೇಳಿದರೆ 2.6 ಎಂದೇ ಉತ್ತರಿಸುವ ಏರ್ಪಾಟು ಕರ್ನಲ್ಲಿನೊಳಗೂ ಸೇರಿತು. ಹತ್ತು ವರ್ಷದ ಬಳಿಕ, 2021ರಲ್ಲಿ, ಪೈಥಾನ್ 3.10 ಬಂದಾಗ ಮೊದಲ ಮೂರು ಅಕ್ಷರ ಮಾತ್ರ ಓದುವ ಪ್ರೋಗ್ರಾಂಗಳಿಗೆ ಅದು 2009ರ 3.1 ಆಗಿ ಕಂಡಿತು. ಯಾಮಲ್ ರೂಪದ ಸಂರಚನಾ ಕಡತದಲ್ಲಿ ಉದ್ಧರಣ ಚಿಹ್ನೆ ಹಾಕದೆ 3.10 ಎಂದು ಬರೆದರೂ ಇದೇ ಗತಿ, ಕೊನೆಯ ಸೊನ್ನೆ ಬಿದ್ದುಹೋಗುತ್ತದೆ.

2024ರ ಮಾರ್ಚ್ ಕೊನೆಯಲ್ಲಿ ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಅಡಗಿಸಿಟ್ಟಿರುವುದನ್ನು ಆಂಡ್ರೆಸ್ ಫ್ರೊಯಿಂಡ್ ಬಯಲು ಮಾಡಿದರು. ಡೆಬಿಯನ್‌ನ ಸ್ಥಿರ ಶಾಖೆಗೆ ಅದು ತಲುಪಿರಲಿಲ್ಲ, ಪರೀಕ್ಷಾ ಶಾಖೆಗಳಲ್ಲಿತ್ತು. ಅಲ್ಲಿ ತುರ್ತಾಗಿ ಹಿಂದಕ್ಕೆ ಹೋಗಬೇಕು, ಯಂತ್ರವೋ ಹಿಂದಕ್ಕೆ ಹೋಗದು. ಡೆಬಿಯನ್ ಕಳಿಸಿದ ಪ್ಯಾಕೇಜಿನ ಆವೃತ್ತಿ 5.6.1+ರಿಯಲಿ5.4.5-1. ಕೂಡಿಸು ಚಿಹ್ನೆಯ ಹಿಂದಿನದು ಯಂತ್ರಕ್ಕೆ, ಮುಂದಿನದು ಮನುಷ್ಯರಿಗೆ. ಒಳಗಿದ್ದದ್ದು ಸುರಕ್ಷಿತ 5.4.5, ಪಟ್ಟಿಯಲ್ಲಿ 5.6.1 ಎಂದು ಹುಡುಕಿದವರಿಗೆ ಸಿಗುತ್ತಿದ್ದದ್ದೂ ಇದೇ ಸಾಲು. ಎಪಾಕ್ ಏರಿಸಿದ್ದರೆ ಅದು ಶಾಶ್ವತವಾಗಿ ಉಳಿಯುತ್ತಿತ್ತು. ಈ ಬಾಲಕ್ಕೆ ಆ ಹಟವಿಲ್ಲ, ಮೂಲದವರು ಶುದ್ಧಗೊಳಿಸಿ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ 5.6.2 ಸರದಿಯಲ್ಲಿ ಅದಕ್ಕಿಂತ ಮೇಲಿದ್ದುದರಿಂದ ಬಾಲವನ್ನು ಕಳಚಲು ಯಾವ ಅಡ್ಡಿಯೂ ಇರಲಿಲ್ಲ.