ಸೊಳ್ಳೆಪರದೆ, ಗಂಜಿ, ಸ್ಲೇಟು, ಓಆರ್‌ಎಸ್: ಬೆಹಾಲಾದ ಒಂದು ಮನೆಯೊಳಗಿನ ಇತಿಹಾಸ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗಾಗಿ, ಎಂದಿನ ಹಾಗೆ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಬರಹವಾಗಿ ಹಾಕಿದ್ದೇನೆ.

ಬೆಹಾಲಾ ಅಂದ ತಕ್ಷಣ ಇತಿಹಾಸದವರು ಹೇಳೋ ಕತೆ ಒಂದೇ. 1698ರಲ್ಲಿ ಇಲ್ಲಿನ ಬರಿಶಾದ ಸಾವರ್ಣ ರಾಯ್ ಚೌಧುರಿ ಮನೆತನದವರು ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಹಳ್ಳಿಗಳ ಹಕ್ಕನ್ನು 1,300 ರೂಪಾಯಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು, ಅಲ್ಲಿಂದ ಕಲ್ಕತ್ತಾ ಬೆಳೆಯಿತು. ಆ ಮನೆತನದ ಆಟ್‌ಚಾಲಾ ಮಂಟಪ ಇವತ್ತೂ ಇದೆ, 1610ರಿಂದ ನಡೆದುಬಂದ ದುರ್ಗಾಪೂಜೆಯೂ ಇದೆ. ಅದು ಜಮೀನ್ದಾರರ ಕತೆ, ಪತ್ರದ ಮೇಲೆ ರುಜು ಹಾಕಿದವರ ಕತೆ. ನಾನಿವತ್ತು ಹೇಳ್ತಿರೋದು ಮನೆಯೊಳಗಿನ ಕತೆ.

ನಾವಿರೋದು ಡೈಮಂಡ್ ಹಾರ್ಬರ್ ರಸ್ತೆಯಿಂದ ಒಳಗೆ, ಒಂದು ಹಳೇ ಮನೆಯ ಮೊದಲ ಮಹಡಿಯಲ್ಲಿ. ನಾಲ್ಕು ವರ್ಷದ ಮಗಳು, ಎಂಟು ತಿಂಗಳ ಮಗ. ಕೆಳಗಿನ ಮನೆಯ ಮಾಶಿಮಾ, ಅಂದ್ರೆ ಮನೆ ಓನರಮ್ಮ, ನಮಗೆ ಇಲ್ಲಿನ ಅಜ್ಜಿ ಇದ್ದ ಹಾಗೆ. ಎರಡು ಚಿಕ್ಕ ಮಕ್ಕಳಿರೋ ಮನೆಯಲ್ಲಿ ದಿನಾ ಕೈಗೆ ಬರೋ ನಾಲ್ಕೈದು ವಸ್ತುಗಳನ್ನು ಮಾತ್ರ ತಗೊಂಡು, ಅವು ನಮ್ಮ ಮನೆಗೆ ಹೇಗೆ ಬಂದವು ಅಂತ ನೋಡೋಣ. ಒಂದೊಂದರ ಹಿಂದೆಯೂ ಒಂದು ಭಯ ಇದೆ. ಮಗು ಉಳಿಯುತ್ತೋ ಇಲ್ಲವೋ ಅನ್ನೋ ಭಯ.

ಮಶಾರಿ ಮತ್ತು ಬೆಂಗಳೂರಿನ ತೊಟ್ಟಿ

ಮಶಾರಿ ಅಂದ್ರೆ ಸೊಳ್ಳೆಪರದೆ. ಇಲ್ಲಿ ಸಂಜೆಯಾದರೆ ಮಂಚದ ನಾಲ್ಕು ಮೂಲೆಗೆ ಮಶಾರಿ ಕಟ್ಟೋದು ದೀಪ ಹಚ್ಚಿದಷ್ಟೇ ಸಹಜ. ಹಸುಗೂಸಿಗೆ ಕೊಡೆಯ ಹಾಗೆ ಬಿಚ್ಚೋ ಪುಟ್ಟ ಪರದೆ ಬೇರೆ. ಡೆಂಗ್ಯೂ ಸೊಳ್ಳೆ ಕಚ್ಚೋದು ಹಗಲಲ್ಲಿ, ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಅದು ಬೇಕು.

ಸೊಳ್ಳೆಯಿಂದ ಮಲೇರಿಯಾ ಹರಡುತ್ತೆ ಅನ್ನೋದರ ಮುಖ್ಯ ಪುರಾವೆ ಸಿಕ್ಕಿದ್ದು ಈ ಊರಲ್ಲೇ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. 1898ರಲ್ಲಿ ಕಲ್ಕತ್ತಾದಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ಸೊಳ್ಳೆ ಕಚ್ಚಿದಾಗಲೇ ರೋಗ ದಾಟುತ್ತೆ ಅಂತ ತೋರಿಸಿದರು. 1902ರಲ್ಲಿ ನೊಬೆಲ್ ಬಂತು.

ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಅದಕ್ಕೂ ಎಷ್ಟೋ ವರ್ಷ ಮೊದಲು, 1880ರ ದಶಕದಲ್ಲಿ, ಇದೇ ರಾಸ್ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಎಲ್ಲಿಂದ ಬರ್ತಿವೆ ಅಂತ ಹುಡುಕಿದರೆ, ಕಿಟಕಿ ಹತ್ತಿರ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿಯನ್ನು ಬೋರಲು ಹಾಕಿದರು, ಸೊಳ್ಳೆ ಕಡಿಮೆಯಾಯಿತು. ಇವತ್ತು ಕೋಲ್ಕತ್ತಾದಲ್ಲಿ ಮಳೆಗಾಲ ಬಂದರೆ ನಗರಪಾಲಿಕೆಯ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೂಕುಂಡ, ಟೈರು, ಕೂಲರು ನೋಡಿ ಹೇಳೋದೂ ಇದನ್ನೇ: ನಿಂತ ನೀರು ಚೆಲ್ಲಿ. ನನ್ನ ಮಗಳಿಗೆ ಇದೇ ದೊಡ್ಡ ಆಟ. ಬಾಲ್ಕನಿಯಲ್ಲಿ ಕಂಡ ಡಬ್ಬಿಯನ್ನೆಲ್ಲ ಬೋರಲು ಹಾಕ್ತಾಳೆ, ಕೆಲವೊಮ್ಮೆ ನೀರು ಕುಡಿಯೋ ಲೋಟವನ್ನೂ.

ಗುಮ್ಮ ಮತ್ತು ಬೊರ್ಗಿ

ಮಗುವನ್ನು ಮಲಗಿಸುವಾಗ ಮಾಶಿಮಾ ಗುನುಗೋ ಲಾಲಿ ಬಂಗಾಳದ ಮನೆಮನೆಗೂ ಗೊತ್ತು. ಅದರಲ್ಲಿ ಬೊರ್ಗಿಗಳು ಬರ್ತಾರೆ. ಮಗು ಮಲಗಿದೆ, ಕೇರಿ ತಣ್ಣಗಾಗಿದೆ, ಅಷ್ಟರಲ್ಲಿ ದಾಳಿಕೋರರು. ಪೈರು ಹಕ್ಕಿಯ ಪಾಲಾಗಿದೆ, ಕಂದಾಯ ಕಟ್ಟೋದು ಹೇಗೆ ಅನ್ನೋ ಚಿಂತೆ.

ಈ ಬೊರ್ಗಿಗಳು ಕಲ್ಪನೆಯವರಲ್ಲ. ಸರ್ಕಾರವೇ ಕುದುರೆ, ಆಯುಧ ಕೊಟ್ಟ ಮರಾಠಾ ಸವಾರನಿಗೆ ‘ಬಾರ್ಗೀರ್’ ಅಂತ ಹೆಸರು, ಅದೇ ಬಂಗಾಳಿಯಲ್ಲಿ ಬೊರ್ಗಿ ಆಯಿತು. ನಾಗಪುರದ ರಘೂಜಿ ಭೋಂಸ್ಲೆಯ ಪಡೆಗಳು 1741ರಿಂದ 1751ರವರೆಗೆ ಮತ್ತೆ ಮತ್ತೆ ಬಂಗಾಳದ ಮೇಲೆ ಬಿದ್ದವು. ಹೆದರಿದ ಕಲ್ಕತ್ತಾದ ಜನ 1742ರಲ್ಲಿ ಊರ ಸುತ್ತ ಕಂದಕ ತೋಡೋಕೆ ಶುರುಮಾಡಿದರು. ಅದೇ ಮರಾಠಾ ಡಿಚ್. ಅದು ಪೂರ್ತಿಯಾಗಲೇ ಇಲ್ಲ, ಮುಂದೆ ಮುಚ್ಚಿಹೋಗಿ ಅದರ ಜಾಡಿನಲ್ಲಿ ಸರ್ಕ್ಯುಲರ್ ರಸ್ತೆ ಬಂತು. ಕೊನೆಗೆ 1751ರಲ್ಲಿ ನವಾಬ ಅಲಿವರ್ದಿ ಖಾನ್ ವರ್ಷಕ್ಕೆ 12 ಲಕ್ಷ ರೂಪಾಯಿ ಚೌತ್ ಒಪ್ಪಿಕೊಂಡ ಮೇಲೆ ದಾಳಿ ನಿಂತಿತು.

ಕನ್ನಡದ ಮಕ್ಕಳನ್ನು ಹೆದರಿಸೋದು ಗುಮ್ಮ. ಪುರಂದರದಾಸರ ಕೀರ್ತನೆಯಲ್ಲಿ ಕೃಷ್ಣನೇ ಅಮ್ಮನ ಹತ್ತಿರ ಗುಮ್ಮನನ್ನು ಕರೀಬೇಡ ಅಂತ ಬೇಡ್ಕೊಳ್ತಾನೆ. ಗುಮ್ಮನಿಗೆ ಮುಖ ಇಲ್ಲ, ಊರು ಇಲ್ಲ, ಇಸವಿ ಇಲ್ಲ. ಬೊರ್ಗಿಗೆ ಎಲ್ಲವೂ ಇದೆ. ಎರಡೂವರೆ ಶತಮಾನ ಕಳೆದ ಮೇಲೂ ತಾಯಂದಿರು ಆ ತೆರಿಗೆಯ ಚಿಂತೆಯನ್ನು ತೊಟ್ಟಿಲ ಪಕ್ಕ ಹಾಡ್ತಾನೇ ಇದ್ದಾರೆ. ದಫ್ತರದ ಕಾಗದಕ್ಕಿಂತ ಲಾಲಿ ಗಟ್ಟಿ ದಾಖಲೆ ಆಗಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲ ತುತ್ತು

ಮಗನ ಅನ್ನಪ್ರಾಶನ ಇಲ್ಲೇ ಆಯಿತು. ಬಂಗಾಳಿಯಲ್ಲಿ ಅದಕ್ಕೆ ‘ಮುಖೇ ಭಾತ್’, ಬಾಯಿಗೆ ಅನ್ನ, ಅಂತಾರೆ. ಸೋದರಮಾವ ಮೊದಲ ತುತ್ತು ಪಾಯಸ ತಿನ್ನಿಸಬೇಕು. ಆಮೇಲೆ ತಟ್ಟೆಯಲ್ಲಿ ಮಣ್ಣು, ಪುಸ್ತಕ, ಪೆನ್ನು, ನಾಣ್ಯ ಇಟ್ಟು ಮಗು ಯಾವುದನ್ನು ಹಿಡಿಯುತ್ತೆ ಅಂತ ನೋಡ್ತಾರೆ. ನಮ್ಮಲ್ಲಿ ಹೊರನಾಡಿಗೋ ಮನೆದೇವರಿಗೋ ಹೋಗಿ ಮಾಡಿಸೋ ಶಾಸ್ತ್ರವೇ ಇದು.

ಈ ಊರಲ್ಲಿ ಆ ತುತ್ತಿಗೆ ಇನ್ನೊಂದು ತೂಕ ಇದೆ. 1943ರ ಬಂಗಾಳದ ಬರಗಾಲದಲ್ಲಿ ಸತ್ತವರು ಸುಮಾರು 20ರಿಂದ 30 ಲಕ್ಷ ಅಂತ ಇತಿಹಾಸಕಾರರ ಅಂದಾಜು. ಹಳ್ಳಿಗಳಿಂದ ಮಕ್ಕಳನ್ನೆತ್ತಿಕೊಂಡು ಕಲ್ಕತ್ತಾಗೆ ಬಂದ ತಾಯಂದಿರು ಮನೆ ಬಾಗಿಲಲ್ಲಿ ನಿಂತು ಅನ್ನ ಕೇಳಲಿಲ್ಲ. ಅನ್ನ ಯಾರೂ ಕೊಡೋದಿಲ್ಲ ಅಂತ ಗೊತ್ತಿತ್ತು. ಅವರು ಕೇಳಿದ್ದು ‘ಫ್ಯಾನ್’, ಅಂದ್ರೆ ಅನ್ನ ಬಸಿದ ಗಂಜಿ ತಿಳಿ. ಆಗ ಒಂಬತ್ತು ವರ್ಷದ ಹುಡುಗನಾಗಿದ್ದ ಅಮರ್ತ್ಯ ಸೇನ್ ಶಾಂತಿನಿಕೇತನದಲ್ಲಿ ಆ ಹಸಿದ ಜನರನ್ನು ಕಂಡರು. 1981ರಲ್ಲಿ ಬಂದ ಅವರ ಪುಸ್ತಕದಲ್ಲಿ ವಾದಿಸಿದ್ದು ಇಷ್ಟು: ಬಂಗಾಳದಲ್ಲಿ ಆಹಾರ ಇಲ್ಲವೇ ಇಲ್ಲ ಅನ್ನೋ ಸ್ಥಿತಿ ಇರಲಿಲ್ಲ. ಬೆಲೆ ಏರಿತು, ಕೂಲಿ ಏರಲಿಲ್ಲ, ಕೊಳ್ಳೋ ಶಕ್ತಿ ಕಳೆದುಕೊಂಡವರು ಸತ್ತರು.

ನಾನು ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸಿದು, ಚೂರು ಉಪ್ಪು ಹಾಕಿ ಮಕ್ಕಳಿಗೆ ಕೊಡ್ತೀನಿ. ನನಗದು ಅಮ್ಮನ ಮನೆಯ ರುಚಿ. ಮಾಶಿಮಾ ಮಾತ್ರ ಫ್ಯಾನ್ ಚೆಲ್ಲೋದನ್ನು ನೋಡಿದರೆ ಸುಮ್ಮನಿರಲ್ಲ. ಅವರು ಬರ ನೋಡಿದವರಲ್ಲ, ಅವರಮ್ಮ ನೋಡಿದ್ದರು.

ಅಡುಗೆಮನೆಯಲ್ಲಿ ಬಚ್ಚಿಟ್ಟ ಓಲೆ

ಮಗಳದ್ದು ಈ ವರ್ಷ ‘ಹಾತೇ ಖೊಡಿ’, ನಮ್ಮ ಅಕ್ಷರಾಭ್ಯಾಸ. ನಾವು ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸ್ತೀವಿ, ಇವರು ಸರಸ್ವತಿ ಪೂಜೆಗೆ ಸ್ಲೇಟಿನ ಮೇಲೆ ಬಳಪದಲ್ಲಿ. ಆ ಪೂಜೆ ಆಗೋವರೆಗೆ ಬೋರೆಹಣ್ಣು ತಿನ್ನಬಾರದು ಅನ್ನೋ ಕಟ್ಟಳೆ ಬೇರೆ, ತಿಂದರೆ ಪರೀಕ್ಷೆಯಲ್ಲಿ ಫೇಲಂತೆ.

ಇಲ್ಲಿನ ಮಕ್ಕಳ ಮೊದಲ ಪುಸ್ತಕ ಈಶ್ವರಚಂದ್ರ ವಿದ್ಯಾಸಾಗರರ ‘ವರ್ಣಪರಿಚಯ’, 1855ರದ್ದು. ಬಳಕೆಯಲ್ಲಿಲ್ಲದ ಅಕ್ಷರಗಳನ್ನು ತೆಗೆದು ಬಂಗಾಳಿ ವರ್ಣಮಾಲೆಯನ್ನು ಅವರು ಹಗುರ ಮಾಡಿದರು. ಆಮೇಲೆ 1930ರಲ್ಲಿ ರವೀಂದ್ರನಾಥರ ‘ಸಹಜ್ ಪಾಠ್’ ಬಂತು, ಚಿತ್ರಗಳು ನಂದಲಾಲ್ ಬೋಸ್ ಅವರದ್ದು. ಎರಡೂ ಇವತ್ತಿಗೂ ಪುಸ್ತಕದಂಗಡಿಯಲ್ಲಿ ಸಿಗುತ್ತವೆ.

ಆದರೆ ಮಗಳ ಕೈ ಹಿಡಿದು ಬರೆಸುವಾಗ ನನ್ನ ಮನಸ್ಸಿಗೆ ಬಂದಿದ್ದು ರಾಸಸುಂದರಿ ದೇವಿ. ಪೂರ್ವ ಬಂಗಾಳದ ಗೃಹಿಣಿ, ಹನ್ನೆರಡನೇ ವಯಸ್ಸಿಗೆ ಮದುವೆ, ಹನ್ನೆರಡು ಮಕ್ಕಳು. ಓದಿದ ಹೆಣ್ಣು ವಿಧವೆ ಆಗ್ತಾಳೆ ಅಂತ ಜನ ನಂಬಿದ್ದ ಕಾಲ. ಮನೆಯಲ್ಲಿದ್ದ ಚೈತನ್ಯ ಭಾಗವತದ ಒಂದು ಹಾಳೆಯನ್ನು ಆಕೆ ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಎಂಟು ವರ್ಷದ ಮಗ ಅಕ್ಷರ ತಿದ್ದಿದ್ದ ಒಂದು ತಾಳೆಗರಿಯನ್ನೂ ಜೊತೆಗಿಟ್ಟುಕೊಂಡರು. ಒಲೆಯ ಮೇಲೆ ಅಡುಗೆ, ಸುತ್ತ ಮಕ್ಕಳು, ಮುಸುಕಿನೊಳಗೆ ಆ ಹಾಳೆ. ಎರಡನ್ನೂ ಹೋಲಿಸಿ ಹೋಲಿಸಿ ಓದು ಕಲಿತರು. 1876ರಲ್ಲಿ ಬಂದ ಅವರ ‘ಆಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಕಥೆ ಅಂತ ಪ್ರಸಿದ್ಧ. ಚಿಕ್ಕ ಮಕ್ಕಳಿದ್ದರೆ ಐದು ನಿಮಿಷ ಪೇಪರ್ ಓದೋಕಾಗಲ್ಲ ಅಂತ ಗೊಣಗೋ ನಮ್ಮಂಥವರು ಒಮ್ಮೆ ಆಕೆಯನ್ನು ನೆನೆಸ್ಕೋಬೇಕು. ಮನೆಗೆಲಸ ಆಕೆಗೆ ಕಡಿಮೆ ಇತ್ತು ಅಂತಲ್ಲ, ಮನೆಗೆಲಸದ ಲೆಕ್ಕವನ್ನೂ ಬರೆದಿಟ್ಟವರೇ ಆಕೆ.

ಚಮಚದಲ್ಲಿ ಬಂದ ಔಷಧಿ

ಈಗ ಮುಖ್ಯ ವಿಷಯ. ಕಳೆದ ಮಳೆಗಾಲದಲ್ಲಿ ಬೀದಿಯೆಲ್ಲ ನೀರು ನಿಂತಾಗ ಮಗನಿಗೆ ಭೇದಿ ಶುರುವಾಯಿತು. ಫೋನಿನಲ್ಲಿ ಊರಿನ ಹಿರಿಯರೊಬ್ಬರು ಹೇಳಿದ್ದು, “ಹೊಟ್ಟೆ ಖಾಲಿ ಬಿಡಮ್ಮ, ನೀರೂ ಕೊಡಬೇಡ, ತಾನಾಗೇ ನಿಲ್ಲುತ್ತೆ.” ಮಾಶಿಮಾ ಹೇಳಿದ್ದು ಒಂದೇ ಮಾತು: ಓಆರ್‌ಎಸ್. ಆ ಪೊಟ್ಟಣ ಈ ಊರಿನ ಮನೆಮಾತಾಗಿರೋದಕ್ಕೆ ಕಾರಣ ಇದೆ.

ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿ ಖಚಿತಪಡಿಸಿದ್ದು ಕಲ್ಕತ್ತಾದಲ್ಲಿ, ಜನ ಬಳಸ್ತಿದ್ದ ಕೆರೆಯ ನೀರಿನಲ್ಲೂ ಅದನ್ನು ಕಂಡು. ರೋಗಾಣುವಿನ ವಿಷ ಕರುಳಿನಿಂದ ನೀರು ಸುರಿಸುವಂತೆ ಮಾಡುತ್ತೆ ಅಂತ ಇದೇ ಊರಿನ ಶಂಭುನಾಥ ಡೇ 1959ರಲ್ಲಿ ತೋರಿಸಿದರು. ಅಂದ್ರೆ ಮಗುವನ್ನು ಕೊಲ್ಲೋದು ಭೇದಿಯಲ್ಲ, ಮೈಯಿಂದ ಹೋಗೋ ನೀರು ಮತ್ತು ಉಪ್ಪು. ಅದನ್ನು ವಾಪಸ್ ತುಂಬಿದರೆ ಮಗು ಉಳಿಯುತ್ತೆ. ಬರೀ ನೀರು ಕೊಟ್ಟರೆ ಸಾಲದು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಗೆ ಹೋಗ್ತವೆ, ಅವುಗಳ ಹಿಂದೆ ನೀರೂ ಹೋಗುತ್ತೆ. ಆ ಬಾಗಿಲು ಕಾಲರಾದಲ್ಲೂ ಕೆಲಸ ಮಾಡ್ತಾನೇ ಇರುತ್ತೆ. 1953ರಲ್ಲೇ ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ ಬಾಯಿಯ ಮೂಲಕ ದ್ರವ ಕೊಟ್ಟು ಕಾಲರಾ ರೋಗಿಗಳನ್ನು ಉಳಿಸಿದ್ದನ್ನು ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. ಹೆಚ್ಚಿನವರು ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದ ಪ್ರಯೋಗಗಳು ಅದನ್ನು ಗಟ್ಟಿ ಮಾಡಿದವು. ಆದರೂ ಅದು ಆಸ್ಪತ್ರೆಯ ಒಳಗಿನ ಚಿಕಿತ್ಸೆ ಆಗಿಯೇ ಉಳಿಯಿತು.

1971. ಬಾಂಗ್ಲಾದೇಶದ ಯುದ್ಧ, ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ. ಗಡಿಯ ಬನಗಾಂವ್‌ನಲ್ಲಿ ಕಾಲರಾ. ಅಲ್ಲಿಗೆ ಹೋದವರು ಮಕ್ಕಳ ವೈದ್ಯ ದಿಲೀಪ್ ಮಹಾಲನಬೀಸ್. ನೆಲದ ಮೇಲೆಲ್ಲ ರೋಗಿಗಳು, ರಕ್ತನಾಳಕ್ಕೆ ಹಾಕೋ ಸಲೈನ್ ಮುಗೀತಾ ಬಂತು, ಹಾಕೋಕೆ ಬರೋ ಕೈಗಳೂ ಕಡಿಮೆ. ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪುಡಿ ಮಾಡಿಸಿದರು. ಕಲ್ಕತ್ತಾದಲ್ಲಿ ಅದನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಕಳಿಸಿದರು, ಅಲ್ಲಿ ಡ್ರಮ್ಮಿನಲ್ಲಿ ಕಲಸಿದರು. ಕುಡಿಸಿದ್ದು ಯಾರು? ಅಮ್ಮ, ಅಕ್ಕ, ಅಜ್ಜಿ, ಪಕ್ಕದಲ್ಲಿದ್ದ ನೆಂಟರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 3.6ಕ್ಕೆ ಇಳಿಯಿತು.

ವಿಜ್ಞಾನದ ಬಾಗಿಲು ಮೊದಲೇ ಗೊತ್ತಿತ್ತು. ಬನಗಾಂವ್‌ನಲ್ಲಿ ಹೊಸದಾಗಿ ಆಗಿದ್ದು, ಓದು ಬಾರದ ತಾಯಿಯ ಕೈಗೆ ಲೋಟ ಕೊಟ್ಟು ನೀನೇ ಕುಡಿಸು ಅಂತ ನಂಬಿದ್ದು. 1978ರಲ್ಲಿ ‘ಲ್ಯಾನ್ಸೆಟ್’ ಇದನ್ನು ಶತಮಾನದ ಬಹುಶಃ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಎಂದು ಕರೆಯಿತು. ಮಹಾಲನಬೀಸ್ 2022ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ಅವರು ಹೋದ ಮೇಲೆ.

ನಮ್ಮ ಮನೆಯಲ್ಲಿ ನಡೆದಿದ್ದು ಸಣ್ಣ ವಿಷಯ. ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರು ಅಳೆದು ಕಲಸಿದೆ, ಪ್ರತಿ ಸಲ ಭೇದಿಯಾದ ಮೇಲೂ ಚಮಚದಲ್ಲಿ ನಿಧಾನವಾಗಿ ಕುಡಿಸಿದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು ನಿಲ್ಲಿಸಲಿಲ್ಲ. ವೈದ್ಯರು ಜಿಂಕ್ ಬರೆದುಕೊಟ್ಟರು. ಎರಡು ರಾತ್ರಿ ನಿದ್ದೆಯಿಲ್ಲ, ಮೂರನೇ ದಿನ ಮಗ ಅಕ್ಕನ ಕೂದಲು ಜಗ್ಗೋಕೆ ಶುರುಮಾಡಿದ. ಉಚ್ಚೆ ಕಡಿಮೆಯಾದರೆ, ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಅಂಗಡಿಯಲ್ಲಿ ತಗೊಳ್ಳುವಾಗ ಡಬ್ಲ್ಯುಎಚ್‌ಒ ಸೂತ್ರದ್ದೇ ಅಂತ ನೋಡಿ ತಗೊಳ್ಳಿ. ಹಣ್ಣಿನ ರುಚಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ.

ನಿಮ್ಮ ಮನೆಯಲ್ಲೂ ಅಜ್ಜಿ ಇದ್ದರೆ ಒಂದು ಪ್ರಶ್ನೆ ಕೇಳಿ: ಅವರ ಕಾಲದಲ್ಲಿ ಮಗುವಿಗೆ ಭೇದಿಯಾದರೆ ಏನು ಮಾಡ್ತಿದ್ದರು, ಎಷ್ಟು ಮಕ್ಕಳು ಉಳೀತಿದ್ದವು? ಉತ್ತರವನ್ನು ಬರೆದಿಡಿ, ಇಸವಿ ಸಮೇತ. ಮುಂದಿನ ವಾರ ಬಿ. ವೆಂಕಟಾಚಾರ್ಯರ ಬಗ್ಗೆ, ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಅವರು ಬಂಗಾಳಿಯ ಕಡೆ ತಿರುಗಿದ್ದು ಹೇಗೆ ಅಂತ ಮಾತಾಡೋಣ.