ಮಣಿಕಟ್ಟಿನ ಊರಿನಲ್ಲಿ ಸೊಂಟದ ಪಾಠ: ಭದ್ರಾವತಿ–ಶಿವಮೊಗ್ಗದ ಎಳೆಯರಿಗೆ ಸಾಫ್ಟ್‌ಬಾಲ್ ಹೊಡೆತ ಕಲಿಸುವ ಬಗೆ

ಭದ್ರಾವತಿಯಲ್ಲಿ ಬ್ಯಾಟಿನ ಮಾತೆತ್ತಿದರೆ ಅದು ಗುಂಡಪ್ಪ ವಿಶ್ವನಾಥರ ಮಣಿಕಟ್ಟಿಗೆ ಬಂದು ನಿಲ್ಲುತ್ತದೆ. 1949ರ ಫೆಬ್ರವರಿ 12ರಂದು ಇಲ್ಲಿ ಹುಟ್ಟಿದ ಅವರು ಆಟಗಾರರಾಗಿ ಬೆಳೆದದ್ದು ಬೆಂಗಳೂರಿನಲ್ಲಿ. ಊರು ಮಾತ್ರ ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. 1967ರಲ್ಲಿ ರಣಜಿ ಪದಾರ್ಪಣೆಯಲ್ಲೇ ಆಂಧ್ರದ ವಿರುದ್ಧ 230, 1969ರಲ್ಲಿ ಕಾನ್ಪುರದ ಚೊಚ್ಚಲ ಟೆಸ್ಟಿನಲ್ಲಿ ಸೊನ್ನೆಯ ಬೆನ್ನಿಗೇ 137, 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವೇಗಿ ಆಂಡಿ ರಾಬರ್ಟ್ಸ್ ಎದುರು ತಂಡದ 190ರಲ್ಲಿ ಅಜೇಯ 97. ಅಂಕಿಗಳು ಮಸುಕಾದರೂ ಸ್ಕ್ವೇರ್ ಕಟ್ ನೆನಪಿನಲ್ಲಿ ಉಳಿಯಿತು, ಅದಕ್ಕೆ ವಿವರಣೆಯಾಗಿ ‘ಮಣಿಕಟ್ಟು’ ಎಂಬ ಒಂದು ಪದವೂ ಉಳಿಯಿತು. ನೋಡುವವರಿಗೆ ಈ ಪದ ಸಾಕು. ಕಲಿಯುವ ಮಗುವನ್ನು ಅದು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಸಾಫ್ಟ್‌ಬಾಲ್ ಬ್ಯಾಟನ್ನು ಕೈಗೆ ಕೊಟ್ಟಾಗ ಈ ತಪ್ಪು ಎದ್ದು ಕಾಣುತ್ತದೆ.

ನಮ್ಮ ಕಡೆಯ ಮಗು ಸಾಫ್ಟ್‌ಬಾಲಿಗೆ ಬರುವುದು ಖಾಲಿ ಕೈಯಲ್ಲಲ್ಲ. ಟೆನಿಸ್ ಬಾಲ್ ಕ್ರಿಕೆಟ್ಟಿನ ರೂಢಿಯನ್ನೆಲ್ಲ ಹೊತ್ತು ತರುತ್ತದೆ. ಕ್ರಿಕೆಟ್ಟಿನಲ್ಲಿ ಬ್ಯಾಟಿನ ತುದಿ ಕಾಲ ಬುಡದಿಂದ ಮೇಲೇಳುತ್ತದೆ, ಚೆಂಡು ಸಾಮಾನ್ಯವಾಗಿ ನೆಲಕ್ಕೆ ಬಿದ್ದು ಬರುತ್ತದೆ. ಇಲ್ಲಿ ಬ್ಯಾಟು ಹಿಂಭುಜದ ಬಳಿ ಕಾಯುತ್ತಿರುತ್ತದೆ, ಚೆಂಡು ನೆಲ ಮುಟ್ಟದೆ ಬರುತ್ತದೆ. ಒಂದು ಸಣ್ಣ ವಿಷಯ ಎಷ್ಟೋ ಗೊಂದಲಕ್ಕೆ ಮೂಲ. ಬಲಗೈ ಆಟಗಾರ್ತಿಯ ಎಡಗೈ ಎರಡೂ ಆಟಗಳಲ್ಲಿ ಹಿಡಿಯ ತುದಿಯಲ್ಲೇ ಇರುತ್ತದೆ. ಆದರೆ ಬ್ಯಾಟು ತಲೆಕೆಳಗಾದ್ದರಿಂದ ಕ್ರಿಕೆಟ್ಟಿನ ‘ಮೇಲಿನ ಕೈ’ ಸಾಫ್ಟ್‌ಬಾಲಿನಲ್ಲಿ ‘ಕೆಳಗಿನ ಕೈ’ ಆಗುತ್ತದೆ. ‘ಮೇಲಿನ ಕೈ ಬಿಗಿ ಮಾಡು’ ಎಂದರೆ ಕ್ರಿಕೆಟ್ ಆಡಿದ ಮಗು ಎಡಗೈಯನ್ನೇ ಬಿಗಿ ಮಾಡುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಇನ್ನು ಸಮಯದ ಲೆಕ್ಕ. ಅಂತರರಾಷ್ಟ್ರೀಯ ಮಹಿಳಾ ಸಾಫ್ಟ್‌ಬಾಲಿನಲ್ಲಿ ಎಸೆತದ ದೂರ 43 ಅಡಿ, ಅಂದರೆ 13.11 ಮೀಟರ್. ಪಿಚರ್ ಒಂದು ಹೆಜ್ಜೆ ಮುಂದೆ ಬಂದು ಚೆಂಡು ಬಿಡುತ್ತಾಳೆ. ಗಂಟೆಗೆ 96 ಕಿಲೋಮೀಟರ್ ವೇಗದ ಎಸೆತಕ್ಕೆ ಬ್ಯಾಟರ್ ಕೈಯಲ್ಲಿ ಉಳಿಯುವುದು 0.42 ಸೆಕೆಂಡಿನ ಆಸುಪಾಸು. ಇಷ್ಟರಲ್ಲೇ ನೋಡಬೇಕು, ನಿರ್ಧರಿಸಬೇಕು, ಬೀಸಬೇಕು. ಬೀಸು ಚುರುಕಾದಷ್ಟೂ ನೋಡಲು ಹೆಚ್ಚು ಹೊತ್ತು ಸಿಗುತ್ತದೆ. ಚುರುಕಾಗಬೇಕಾದರೆ ಮುಂಗಾಲು ಗಟ್ಟಿಯಾಗಿ ಊರಬೇಕು, ಸೊಂಟ ಮೊದಲು ತಿರುಗಬೇಕು, ಎದೆ ಅದನ್ನು ಹಿಂಬಾಲಿಸಬೇಕು, ಕೈಗಳು ಎದೆಯೊಂದಿಗೆ ಸಾಗಿ ಕೊನೆಗೆ ಬ್ಯಾಟಿನ ತುದಿ ಬರಬೇಕು. ತರಬೇತುದಾರರು ‘ಕನೆಕ್ಷನ್’ ಎನ್ನುವುದು ಇದನ್ನೇ: ಕೈ ಮೈಯನ್ನು ಬಿಟ್ಟು ತನ್ನಷ್ಟಕ್ಕೆ ಹೊರಡಬಾರದು. ಹೊರಟರೆ ಆಗುವುದೇನೆಂಬುದನ್ನು ಭೌತಶಾಸ್ತ್ರ ಹೇಳುತ್ತದೆ. ತಿರುಗುವ ಅಕ್ಷದಿಂದ ಭಾರದ ದೂರ ಎರಡು ಪಟ್ಟಾದರೆ ತಿರುಗಲು ಅದು ಒಡ್ಡುವ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಮೊದಲ ಕ್ಷಣದಲ್ಲೇ ಮೊಣಕೈ ಬಿಚ್ಚಿ ಬ್ಯಾಟನ್ನು ದೂರ ತಳ್ಳಿದ ಮಗು ತನ್ನ ಸೊಂಟಕ್ಕೇ ಬ್ರೇಕ್ ಹಾಕಿಕೊಂಡಂತೆ.

ಹಾಗಾದರೆ ಮಣಿಕಟ್ಟು? ಬ್ಯಾಟು ಮತ್ತು ಚೆಂಡು ಒಂದಕ್ಕೊಂದು ತಗುಲಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಮಣಿಕಟ್ಟು ತಿರುಗಿಸಿ ಸಾಧಿಸುವಂಥದ್ದೇನೂ ಇಲ್ಲ. ಮುಂಚೆಯೇ ತಿರುಗಿಸಿದರೆ ಬ್ಯಾಟು ಚೆಂಡಿನ ನೆತ್ತಿಗೆ ಬಡಿದು ಅದನ್ನು ನೆಲಕ್ಕೆ ಉರುಳಿಸುತ್ತದೆ. ಕ್ರಿಕೆಟ್ಟಿನ ಕಟ್‌ನಲ್ಲಿ ಬೇಕಾದದ್ದೇ ಅದು, ಕ್ಯಾಚ್ ತಪ್ಪಿಸಲು ಚೆಂಡನ್ನು ನೆಲಕ್ಕೆ ಒತ್ತಬೇಕು. ಸಾಫ್ಟ್‌ಬಾಲಿನಲ್ಲಿ ಮೊದಲ ಬೇಸ್ 60 ಅಡಿ ದೂರ. ಉರುಳಿದ ಚೆಂಡನ್ನು ಹೆಕ್ಕಿ ಎಸೆಯಲು ಒಳಮೈದಾನದ ಫೀಲ್ಡರ್‌ಗೆ ಧಾರಾಳ ಸಮಯ ಸಿಗುತ್ತದೆ.

ಭದ್ರಾವತಿಯ ಒಂದು ಮೈದಾನದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ ನೆಟ್ಟ ಪಿವಿಸಿ ಪೈಪು, ಅದರ ಬಾಯಿಗೆ ಸೈಕಲ್ ಟ್ಯೂಬು, ಅದರ ಮೇಲೆ ಚೆಂಡು: ಇದೇ ಅಲ್ಲಿನ ಬ್ಯಾಟಿಂಗ್ ಟೀ. ಹನ್ನೆರಡರ ಹುಡುಗಿಯೊಬ್ಬಳು ಹೊಡೆದದ್ದೆಲ್ಲ ಎಡಕ್ಕೆ ಉರುಳುತ್ತಿತ್ತು. ‘ರಿಸ್ಟ್ ತಿರುಗಿಸು’ ಎಂದು ಬದಿಯಿಂದ ಯಾರೋ ಕೂಗಿದರು, ಮತ್ತೂ ಕೆಟ್ಟಿತು. ಕಲಿಸುತ್ತಿದ್ದವರು ಮಡಚಿದ ಟವೆಲನ್ನು ಅವಳ ಮುಂದಿನ ಕಂಕುಳಲ್ಲಿ ಇಟ್ಟರು. ಕೈ ಬೇಗ ಬಿಚ್ಚಿದರೆ ಟವೆಲು ಬೀಳುತ್ತದೆ. ಮೂರು ಸಲ ಬಿತ್ತು. ಆಮೇಲೆ ಅವರು, “ಮನೇಲಿ ಬಟ್ಟೆ ಒಗೀತೀಯಲ್ಲಮ್ಮ, ಹಂಗೆ ಬಾರ್ಸು” ಎಂದರು. ಹುಡುಗಿ ಒಂದು ಗಳಿಗೆ ಯೋಚಿಸಿ, “ಬಟ್ಟೆ ಮೇಲಿಂದ ಬೀಳುತ್ತೆ ಸರ್, ಇದು ಅಡ್ಡ” ಎಂದಳು. “ಅಡ್ಡಕ್ಕೇ ಒಗಿ.”

ಆ ಮಾತುಕತೆಯಲ್ಲಿ ಸಂಶೋಧಕನಿಗೆ ಬೇಕಾದದ್ದು ಬಹಳವಿದೆ. ಒದ್ದೆ ಬೆಡ್‌ಶೀಟನ್ನು ಕಲ್ಲಿಗೆ ಅಪ್ಪಳಿಸುವಾಗ ಹೆಜ್ಜೆ, ಸೊಂಟ, ಭುಜ ಒಂದಾದ ಮೇಲೊಂದು ಬರುತ್ತವೆ. ಬಟ್ಟೆಯ ತುದಿ ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಜೋರಾಗಿ. ಇಡೀ ಸರಪಳಿ ಕಣ್ಣಿಗೆ ಕಾಣುತ್ತದೆ, ಒಂದು ಅಂಗದ ಹೆಸರನ್ನೂ ಹೇಳಬೇಕಾಗಿಲ್ಲ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳ ಫಲಿತಾಂಶವೂ ಇದೇ ದಿಕ್ಕಿನದು. ಗಮನವನ್ನು ತನ್ನ ಕಾಲಿನ ಮೇಲೆ ಇಟ್ಟವರಿಗಿಂತ ಕಾಲಡಿಯ ಸಲಕರಣೆಯ ಮೇಲೆ ಇಟ್ಟವರು ಚೆನ್ನಾಗಿ ಕಲಿತರು. ಕನ್ನಡದ ಕ್ರಿಯಾಪದಗಳೂ ಇಲ್ಲಿ ನೆರವಿಗೆ ಬರುತ್ತವೆ. ‘ಒಗೆ’ ನಮ್ಮ ಕಡೆ ಬಟ್ಟೆಗೆ, ಉತ್ತರ ಕರ್ನಾಟಕದಲ್ಲಿ ಎಸೆಯುವುದಕ್ಕೆ. ‘ಬೀಸು’ ಬ್ಯಾಟಿಗೂ ಸಲ್ಲುತ್ತದೆ, ರಾಗಿ ಕಲ್ಲಿಗೂ ಸಲ್ಲುತ್ತದೆ. ಎರಡನೆಯದರಲ್ಲಿ ನಡುಗೂಟವೊಂದು ಅಲುಗದೆ ನಿಂತು ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಬೆನ್ನುಮೂಳೆಯನ್ನು ಅಕ್ಷವಾಗಿ ಕಲ್ಪಿಸಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಹೊಳೆದಿಲ್ಲ. ಇಂದಿನ ಮಕ್ಕಳು ಬೀಸುವ ಕಲ್ಲನ್ನು ಬಹುಮಟ್ಟಿಗೆ ಹಿತ್ತಿಲಲ್ಲಿ ತುಳಸಿ ಕುಂಡಕ್ಕೆ ಪೀಠವಾಗಿ ಕಂಡಿದ್ದಾರೆ, ಅದು ಬೇರೆ ಮಾತು. ಹುಡುಗಿ ತೋರಿದಂತೆ ಪ್ರತಿ ಚಿತ್ರಕ್ಕೂ ಒಂದು ಗಡಿಯಿದೆ. ಗಡಿಯನ್ನು ಮಗುವೇ ಗುರುತಿಸಿದರೆ ಕಲಿಕೆ ಅರ್ಧ ಮುಗಿದಂತೆ ಎಂದೇ ನನಗೆ ಕಾಣುತ್ತದೆ.

ಹೊಡೆತದ ವಿಜ್ಞಾನಕ್ಕೂ ಭದ್ರಾವತಿಯಂಥ ಊರಿಗೂ ಇನ್ನೊಂದು ನಂಟಿದೆ. 1920ರ ದಶಕದಲ್ಲಿ, ಇಲ್ಲಿನ ಕಬ್ಬಿಣ ಕಾರ್ಖಾನೆ ಉತ್ಪಾದನೆ ಶುರುಮಾಡಿದ ಕಾಲದಲ್ಲೇ, ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆಯಿಂದ ಉಳಿಗೆ ಹೊಡೆಯುವ ಕಾರ್ಮಿಕರ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದರು. ನುರಿತವರ ಭುಜ, ಮೊಣಕೈ, ಮಣಿಕಟ್ಟುಗಳ ಕೋನ ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತಿತ್ತು, ಸುತ್ತಿಗೆಯ ದಾರಿ ಮಾತ್ರ ಹೆಚ್ಚು ಸ್ಥಿರವಾಗಿತ್ತು. ಒಂದು ಕೀಲಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಲ್ಲರ ಮೊಣಕೈಯನ್ನೂ ಒಂದೇ ಎತ್ತರಕ್ಕೆ ಎತ್ತಿಸುವ ನಮ್ಮ ಡ್ರಿಲ್ ಪದ್ಧತಿಗೆ ಈ ಫಲಿತಾಂಶ ಒಗ್ಗುವುದಿಲ್ಲ. ಟೀಯ ಎತ್ತರವನ್ನು ನಾಲ್ಕು ಹೊಡೆತಕ್ಕೊಮ್ಮೆ ಬದಲಿಸುವುದು, ಚೆಂಡನ್ನು ಒಮ್ಮೆ ಒಳಗೆ ಒಮ್ಮೆ ಹೊರಗೆ ಇಡುವುದು, ಹಿಡಿಯ ತುದಿಯನ್ನು ಹೊಕ್ಕುಳಿಗೂ ಬ್ಯಾಟಿನ ತುದಿಯನ್ನು ಬಲೆಗೂ ತಾಗಿಸಿ ನಿಂತು, ಬಲೆಗೆ ತಗುಲದಂತೆ ಬೀಸಲು ಹೇಳುವುದು: ಇವು ಹೆಚ್ಚು ಫಲ ಕೊಡುತ್ತವೆ. ಬಲೆಯೇ ತಪ್ಪು ಹೇಳುತ್ತದೆ, ಮೇಷ್ಟ್ರು ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಬ್ಯಾಟು ಹಗುರವಾಗಿರಲಿ. ಅಣ್ಣಂದಿರ ಬ್ಯಾಟು ಹಿಡಿದ ಮಗುವಿನ ಸೊಂಟಕ್ಕಿಂತ ಮೊದಲು ಭುಜ ಸೋಲುತ್ತದೆ.

ವಿಶ್ವನಾಥರ ಕಟ್ ಹಾಗಾದರೆ ಪಾಠದಿಂದ ಹೊರಗೋ? ಇಲ್ಲ. ಕ್ರಿಕೆಟ್ಟಿನ ಹೊಡೆತಗಳಲ್ಲಿ ಸಾಫ್ಟ್‌ಬಾಲಿಗೆ ಹತ್ತಿರದವುಗಳಲ್ಲಿ ಅದೊಂದು: ಬ್ಯಾಟು ಅಡ್ಡ, ಆರಂಭ ಎತ್ತರದಿಂದ, ಚೆಂಡನ್ನು ಮೈಯ ಬಳಿ ಬರಗೊಟ್ಟು ತಡವಾಗಿ ಆಡುವ ತಾಳ್ಮೆ. ಆ ಕುಳ್ಳ ದೇಹ ಮೊದಲು ಭುಜ ತಿರುಗಿಸಿ ಅಣಿಯಾಗುತ್ತಿತ್ತು. ಮಣಿಕಟ್ಟು ಕೊನೆಯಲ್ಲಿ ಬರುತ್ತಿತ್ತು, ನಮ್ಮ ಕಣ್ಣು ಆ ಕೊನೆಯನ್ನಷ್ಟೇ ಹಿಡಿಯಿತು. ಭಾರ ಹಿಂಗಾಲಿನ ಮೇಲೆ ಉಳಿಯುವುದು ಮತ್ತು ಮಣಿಕಟ್ಟು ಮಗುಚುವುದು, ಇವೆರಡನ್ನು ಮಾತ್ರ ಸಾಫ್ಟ್‌ಬಾಲ್ ಹುಡುಗಿ ಬಿಡಬೇಕು. ಚೆಂಡು ತಗಲುವಾಗ ಅವಳ ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ.

ಆ ಬೆಳಿಗ್ಗೆ ನಾಲ್ಕನೆಯ ಸಲ ಟವೆಲು ಬಿತ್ತು, ಆದರೆ ಚೆಂಡು ಹೋದ ಮೇಲೆ. ಕಲಿಸುತ್ತಿದ್ದವರು ಅದನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು, ಮತ್ತೆ ಅವಳಿಗೆ ಕೊಡಲಿಲ್ಲ.