ಬಲಿಪೂಜೆಗಾಗಿ ಬಂದ ಬಳ್ಳಿ, ಮನೆಯಂಗಳದ ಚಪ್ಪರ



ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಕೇಕಿನ ಜೊತೆಗೆ ವೈನಿನ ಮಾತೂ ಬರುತ್ತದೆ. ಅಂಗಳದಲ್ಲಿ ನಾಲ್ಕು ದ್ರಾಕ್ಷಿ ಬಳ್ಳಿ ಹಬ್ಬಿಸಿ ನಾವೇ ವೈನ್ ಮಾಡಿದರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಉತ್ತರಕ್ಕಾಗಿ ನೆರೆಯ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕಡೆ ಒಮ್ಮೆ ನೋಡೋಣ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಸೀಮೆ ಅದು. ಕನ್ನಡ ಮನೆಮಾತಿನ ಕುಟುಂಬಗಳು ಇಂದಿಗೂ ಅಲ್ಲಿವೆ.

ಆ ಸೀಮೆಗೆ ಶುಭಸಂದೇಶ ಬಂದದ್ದೂ ಮೈಸೂರಿನ ದಾರಿಯಿಂದಲೇ. 17ನೆಯ ಶತಮಾನದಲ್ಲಿ ಮೈಸೂರು ಮಿಷನ್ನಿನ ಯೇಸುಸಭೆಯ ಗುರುಗಳು ಸತ್ಯಮಂಗಲ, ಕರುಮತ್ತಂಪಟ್ಟಿ ಕಡೆ ಸೇವೆ ಮಾಡಿದರು. ನಂತರ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಬಂದರು. 1850ರಲ್ಲಿ ಕೊಯಮತ್ತೂರು ಪ್ರತ್ಯೇಕ ಪ್ರೇಷಿತ ವಿಕಾರಿಯೇಟ್ ಆಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು.

ಗುರುಗಳು ಎಲ್ಲಿಗೆ ಹೋದರೂ ಎರಡು ವಸ್ತುಗಳು ಬೇಕೇ ಬೇಕು: ಗೋಧಿ ರೊಟ್ಟಿ ಮತ್ತು ದ್ರಾಕ್ಷಾರಸ. ಬಲಿಪೂಜೆಯ ರಸ ದ್ರಾಕ್ಷಿ ಹಣ್ಣಿನದೇ ಆಗಿರಬೇಕು, ಕೆಟ್ಟಿರಬಾರದು ಎಂಬುದು ಧರ್ಮಸಭೆಯ ನಿಯಮ. ಅದಕ್ಕೇ ಬಲಿಪೀಠದ ಹಿಂದೆಯೇ ಬಳ್ಳಿಯೂ ನಡೆಯಿತು. ಕ್ಯಾಲಿಫೋರ್ನಿಯದಲ್ಲಿ 18ನೆಯ ಶತಮಾನದ ಕೊನೆಗೆ ಫ್ರಾನ್ಸಿಸ್ಕನ್ ಗುರುಗಳು ನೆಟ್ಟ ತಳಿಗೆ ಇಂದಿಗೂ 'ಮಿಷನ್ ದ್ರಾಕ್ಷಿ' ಎಂದೇ ಹೆಸರು. ನಮ್ಮ ಕಡೆಯೂ ಹಾಗೆಯೇ. 1832ರ ಸುಮಾರಿಗೆ ಸೇಲಂ, ಮಧುರೈ ಜಿಲ್ಲೆಗಳಿಗೆ ಕ್ರೈಸ್ತ ಮಿಷನರಿಗಳು ದ್ರಾಕ್ಷಿ ತಂದರೆಂದು ಬೇಸಾಯದ ಚರಿತ್ರೆ ದಾಖಲಿಸುತ್ತದೆ. ಇಂದು ತಮಿಳುನಾಡಿನ ಹೆಸರಾದ ತಳಿ ಪನ್ನೀರ್ ದ್ರಾಕ್ಷಿ, ಅಂದರೆ ಮಸ್ಕಟ್ ಹ್ಯಾಂಬರ್ಗ್. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೊಯಮತ್ತೂರಿನ ಪಶ್ಚಿಮಕ್ಕೆ, ಬೆಟ್ಟದ ತಪ್ಪಲಿನ ತೊಂಡಾಮುತ್ತೂರು, ನರಸೀಪುರಂ ಕಡೆಯ ತೋಟಗಳಲ್ಲೂ ಇದೇ ಹಣ್ಣು.

ಆದರೆ ತಂದು ನೆಟ್ಟರಷ್ಟೇ ಬಳ್ಳಿ ಉಳಿಯುವುದಿಲ್ಲ. ಫ್ರಾನ್ಸಿನಲ್ಲಿ ಚಳಿಗಾಲ ಬಂದು ಬಳ್ಳಿಯನ್ನು ಮಲಗಿಸುತ್ತದೆ, ವಸಂತ ಬಂದು ಎಬ್ಬಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಕತ್ತರಿ ಮುಟ್ಟಿಸದಿದ್ದರೆ ಬಳ್ಳಿ ಎಲೆ ಬಿಡುತ್ತಲೇ ಹೋಗುತ್ತದೆ, ಗೊಂಚಲು ಕಡಿಮೆ. ಇಲ್ಲಿ ರೈತನ ಕತ್ತರಿಯೇ ಚಳಿಗಾಲ. ಕೊಯಮತ್ತೂರು ಸೀಮೆಯಲ್ಲಿ ಡಿಸೆಂಬರ್-ಜನವರಿಯಲ್ಲಿ ಒಮ್ಮೆ, ಮೇ-ಜೂನ್‌ನಲ್ಲಿ ಮತ್ತೊಮ್ಮೆ ಕಡ್ಡಿ ಸವರುತ್ತಾರೆ. ಪನ್ನೀರ್ ತಳಿಗೆ ಕಡ್ಡಿಯಲ್ಲಿ ನಾಲ್ಕು ಕಣ್ಣು ಉಳಿಸುವುದು ವಾಡಿಕೆ. ಹೀಗೆ ವರ್ಷಕ್ಕೆ ಎರಡು ಬೆಳೆ ಬರುತ್ತದೆ. 14ನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿ ದ್ರಾಕ್ಷಿ ವರ್ಷಕ್ಕೆರಡು ಸಲ ಫಲ ಕೊಡುವುದನ್ನು ಬರೆದಿಟ್ಟಿದ್ದಾನೆ. ಫಲ ಕೊಡುವ ಕೊಂಬೆಯನ್ನೂ ಸವರಬೇಕೆಂಬ ಸಂತ ಯೊವಾನ್ನರ ಶುಭಸಂದೇಶದ ಮಾತು ಇಲ್ಲಿನ ರೈತರಿಗೆ ದಿನದ ಕೆಲಸ.

ಮಳೆ ಹಿಡಿದರೆ ಎಲೆಗೆ ಬೂಜು ರೋಗ ಬರುತ್ತದೆ. ಅದಕ್ಕೆ ಮದ್ದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ನಮ್ಮ ಮಲೆನಾಡಿನವರಿಗೆ ಇದು ಅಡಿಕೆಯ ಕೊಳೆರೋಗದ ಔಷಧಿಯೆಂದು ಗೊತ್ತು. ಆದರೆ ಇದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟದಲ್ಲಿ, 1885ರ ಹೊತ್ತಿಗೆ. ಬಳ್ಳಿಯ ಮದ್ದು ಅಡಿಕೆ ಮರವನ್ನೂ ಉಳಿಸಿತು.

ಇನ್ನು ವೈನಿನ ವಿಷಯ. 1937ರಲ್ಲಿ ರಾಜಾಜಿಯವರ ಸರ್ಕಾರ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿ ಮೊದಲು ಪಾನನಿಷೇಧ ತಂದಿತು. ಆಗ ಮಾಡಿದ ಕಾನೂನೇ ತಿದ್ದುಪಡಿಗಳೊಂದಿಗೆ ತಮಿಳುನಾಡಿನಲ್ಲಿ ಇಂದಿಗೂ ಇದೆ. ಅಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ವೈನ್ ಮಾಡುವುದು ಅಪರಾಧ. ಬಲಿಪೂಜೆಯ ವೈನಿಗೆ ಬೇರೆಯೇ ನಿಯಮಗಳಿವೆ. ಕರ್ನಾಟಕದಲ್ಲೂ ಅಬಕಾರಿ ಕಾನೂನಿದೆ. 'ಹಬ್ಬಕ್ಕೆ ನಾಲ್ಕು ಬಾಟಲಿ ತಾನೇ' ಎಂದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ ಇದು. ನಮ್ಮ ಯುವಕ ಯುವತಿಯರ ಹೆಸರು ಒಂದು ಜಾಡಿಯ ಕಾರಣಕ್ಕೆ ಠಾಣೆಯ ಪುಸ್ತಕದಲ್ಲಿ ಬರುವುದು ಬೇಡ.

ಹಾಗಾದರೆ ಬಳ್ಳಿ ನೆಡುವುದೇ ಬೇಡವೇ? ಖಂಡಿತ ನೆಡೋಣ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ಪಾಶ್ಚರ್ ತೋರಿಸಿದ ದಾರಿಯಲ್ಲಿ ದ್ರಾಕ್ಷಿ ರಸವನ್ನು ಬಿಸಿಮಾಡಿ, ಹುಳಿಯದಂತೆ ಬಾಟಲಿಯಲ್ಲಿ ಉಳಿಸಿದರು. ತಮ್ಮ ಸಭೆಯ ಪ್ರಭುಭೋಜನಕ್ಕೆ ಮದ್ಯವಿಲ್ಲದ ರಸ ಬೇಕೆಂಬುದು ಅವರ ಆಸೆ. ನಮ್ಮ ಬಲಿಪೂಜೆಗೆ ಅದು ಸಲ್ಲದು, ಆದರೆ ಹಬ್ಬದ ಊಟಕ್ಕೆ ಚೆನ್ನಾಗಿ ಸಲ್ಲುತ್ತದೆ. ಹಣ್ಣು ಹಿಂಡಿ, ಸೋಸಿ, ಕುದಿ ಬರುವ ಮುನ್ನ ಇಳಿಸಿ, ಬಿಸಿನೀರಿನಲ್ಲಿ ಕುದಿಸಿದ ಬಾಟಲಿಗೆ ತುಂಬಿದರೆ ಸಾಕು.

ಜೂನ್-ಜುಲೈಯಲ್ಲಿ ಎರಡಡಿ ಆಳದ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಬೇರು ಬಿಟ್ಟ ಕಡ್ಡಿ ನೆಡಿ. ಗಟ್ಟಿ ಚಪ್ಪರ ಹಾಕಿ. ಮೊದಲ ವರ್ಷ ಹಣ್ಣಿನ ಆಸೆ ಬೇಡ. ಕಾಂಡ ಚಪ್ಪರ ಮುಟ್ಟಲಿ, ಕೈಗಳು ಹಬ್ಬಲಿ. ಆಮೇಲೆ ಕತ್ತರಿ ಹಿಡಿಯಲು ಅಂಜಬೇಡಿ. ಬಲಿಪೀಠಕ್ಕಾಗಿ ಕಡಲು ದಾಟಿ ಬಂದ ಈ ಬಳ್ಳಿಯನ್ನು ಇಷ್ಟು ವರ್ಷ ನಮ್ಮ ಮಣ್ಣಿನಲ್ಲಿ ಉಳಿಸಿದ್ದು ರೈತರ ತಾಳ್ಮೆಯೇ.